ಗೋಡೆ ಬರೆಯುವವನ ಒಂದು ವೋಟು

ಊರಿಗೆ ಊರೇ ಅವನನ್ನು ಬಣ್ಣದ ಮಾವ ಎನ್ನುತ್ತಿತ್ತು; ತನ್ನ ನಿಜವಾದ ಹೆಸರು ಅವನಿಗೇ ಮರೆತಿತ್ತೇನೋ. ಚುನಾವಣೆ ಬಂತೆಂದರೆ ಗೋಡೆಗಳೆಲ್ಲ ಅವನವೇ. ಸುಣ್ಣ ಬಳಿದು, ನೀಲಿಯಲ್ಲಿ ಅದ್ದಿದ ದಾರದಿಂದ ಗೆರೆ ಹೊಡೆದು, ಆಳೆತ್ತರದ ಅಕ್ಷರ ಬರೆಯುತ್ತಿದ್ದ. ಈಗಿನ ಬ್ಯಾನರುಗಳಂತೆ ಗಾಳಿಗೆ ಹರಿದುಹೋಗುವ ಮಾಲಲ್ಲ ಅದು.

ಎಂಥ ದಿನಗಳವು! ಈಗಿನ ಶಾಸಕ ಮೊದಲ ಸಲ ನಿಂತಾಗ ಅವನ ಹಿಂದೆ ನರಪಿಳ್ಳೆಯೂ ಇರಲಿಲ್ಲ. ತಾನೇ ಸುಣ್ಣ ಕಲಸಿ, ತಾನೇ ಮಾವನ ಏಣಿ ಹಿಡಿದು ನಿಂತಿದ್ದ. ಇಬ್ಬರೂ ಒಂದೇ ಲೋಟದಲ್ಲಿ ಚಹಾ ಕುಡಿದಿದ್ದರು. ಗೆದ್ದ ಮೇಲೂ ಬೀದಿಯಲ್ಲಿ ಕಂಡರೆ ಕಾರು ನಿಲ್ಲಿಸಿ, "ಏನಯ್ಯಾ ಕಲಾವಿದ!" ಎನ್ನುತ್ತಿದ್ದ. ಮಾವ "ಬಂದ್ಯೇನೋ" ಎನ್ನುತ್ತಿದ್ದ. ಆಮೇಲೆ ವಾರವಿಡೀ ನೆಲದ ಮೇಲೆ ಕಾಲಿಡುತ್ತಿರಲಿಲ್ಲ.

ಹೋದ ವರ್ಷ ಶಾಲೆಯ ಹೊಸ ಕಟ್ಟಡದ ಛಾವಣಿ ಕುಸಿಯಿತು. ಮಾವನ ಹೆಂಡತಿ ಅಲ್ಲಿ ಕಸ ಗುಡಿಸುತ್ತಿದ್ದಳು; ಅವಳ ಕಾಲು ಮುರಿಯಿತು. ಗುತ್ತಿಗೆ ಶಾಸಕನ ಬಾಮೈದನದು. ಸಿಮೆಂಟಿಗಿಂತ ಮರಳೇ ಹೆಚ್ಚು. ಗೊತ್ತಿದ್ದೂ ದೂರಿದವರ ಬಾಯಿ ಮುಚ್ಚಿಸಿದವನು ಶಾಸಕನೇ ಎಂದು ತನಿಖೆಯಲ್ಲಿ ಬಯಲಾಯಿತು.

ಊರಿನ ತೀರ್ಪು ಹೊರಬಿದ್ದದ್ದು ಕ್ಷೌರದಂಗಡಿಯಲ್ಲಿ. "ತಿನ್ನದೇ ಇರೋರು ಯಾರಿದ್ದಾರೆ ಹೇಳಿ? ಇವನಾದ್ರೆ ನಮ್ಮೋನು, ಕರೆದ್ರೆ ಬರ್ತಾನೆ," ಎಂದ ಕ್ಷೌರಿಕ. ಕೂತವರೆಲ್ಲ ತಲೆಯಾಡಿಸಿದರು. ಕತ್ತಿ ಕೊರಳ ಮೇಲಿದ್ದ ಮಾವ ಮಾತ್ರ ಅಲ್ಲಾಡಲಿಲ್ಲ.

ಚುನಾವಣೆಗೆ ತಿಂಗಳಿದ್ದಾಗ ಶಾಸಕ ಮನೆಗೇ ಬಂದ.

"ಕಾಲು ಹೇಗಿದೆ ಅತ್ತಿಗೆ?"

"ಇದೆ," ಎಂದಳು ಮಾವನ ಹೆಂಡತಿ.

ಅವನು ಮಾವನ ಕಡೆ ತಿರುಗಿದ. "ಒಂದೇ ಒಂದು ಗೋಡೆ ಬರೆದುಕೊಡು. ನಿನ್ನ ಕೈಯಲ್ಲಿ ನನ್ನ ಹೆಸರು ಕಂಡ್ರೆ ಜನ ನಂಬ್ತಾರೆ."

"ಕೈ ನಡುಗುತ್ತೆ ಸಾರ್, ಆಗಲ್ಲ," ಎಂದ ಮಾವ.

ಕೈ ಎಲ್ಲಿ ನಡುಗುತ್ತಿತ್ತು! ಬೆಳಿಗ್ಗೆಯಷ್ಟೇ ಔಷಧಿ ಅಂಗಡಿಯ ಬೋರ್ಡು ಬರೆದು ಬಂದಿದ್ದ. ಆದರೆ ಶಾಸಕನಿಗೆ ಚುಚ್ಚಿದ್ದು ಆ ಸುಳ್ಳಲ್ಲ, 'ಸಾರ್' ಎಂಬ ಮಾತು. ಮುಖ ಸಪ್ಪಗೆ ಮಾಡಿಕೊಂಡು ಎದ್ದುಹೋದ.

ಮತಗಟ್ಟೆಯಲ್ಲಿ ಮಾವ ಎಷ್ಟು ಹೊತ್ತು ನಿಂತನೆಂದರೆ, "ಗುಂಡಿ ಕಾಣಿಸ್ತಿಲ್ವಾ ಅಜ್ಜಾ?" ಎಂದು ಅಧಿಕಾರಿ ಕೇಳಬೇಕಾಯಿತು. ಮನೆಗೆ ಬಂದು, "ಅವನಿಗೆ ಹಾಕ್ಲಿಲ್ಲ ಕಣೇ," ಎಂದವನೇ ಗೋಳೋ ಎಂದು ಅತ್ತ. ಹೆಂಡತಿ ಬೆನ್ನು ಸವರಿದಳು.

ಫಲಿತಾಂಶದ ದಿನ ಇಬ್ಬರೂ ಟಿವಿಯ ಮುಂದೆ ಕೂತಿದ್ದರು. ಶಾಸಕ ಭಾರಿ ಅಂತರದಿಂದ ಆರಿಸಿ ಬಂದಿದ್ದ.

"ಗೆದ್ದ ಕಣೇ, ಗೆದ್ದುಬಿಟ್ಟ!" ಎನ್ನುತ್ತ ಮಾವ ಎದ್ದೇ ನಿಂತ. ಮುಖವೆಲ್ಲ ನಗು. ಮರುಕ್ಷಣವೇ ಎಚ್ಚರವಾಯಿತು. ಹೆಂಡತಿಯ ಕಡೆ ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.