ಪಿಚರ್‌ನ ಭುಜ ಮತ್ತು ನನ್ನ ಕನ್ನಡ ನೋಟ್‌ಬುಕ್

2023ರ ಅಕ್ಟೋಬರ್‌ನಲ್ಲಿ ನಾನು ದೋಹಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಸೀನಿಯರ್ ಫಿಸಿಯೋಥೆರಪಿಸ್ಟ್ ಆಗಿದ್ದೆ. ಈ ಕೆಲಸಕ್ಕೆ ಸೇರಿ ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಕ್ರಿಕೆಟ್ ಆಡಿ ಮಂಡಿ ತಿರುಚಿಕೊಂಡವರು, ಕಂಪ್ಯೂಟರ್ ಮುಂದೆ ಕೂತು ಕೂತು ಕುತ್ತಿಗೆ ಹಿಡಿದವರು ನನ್ನ ನಿತ್ಯದ ಗಿರಾಕಿಗಳು. ಬೇಸ್‌ಬಾಲ್ ಎಂದರೆ ಟಿವಿಯಲ್ಲಿ ಚಾನೆಲ್ ಬದಲಿಸುವಾಗ ಕಣ್ಣಿಗೆ ಬೀಳುವ ಆಟ ಎಂಬಷ್ಟೇ ನನ್ನ ಜ್ಞಾನ.

ಅಂಥ ನನ್ನ ಬಳಿಗೆ ರಾಮೋನ್ ಬಂದ. ಮೂವತ್ತೊಂಬತ್ತು ವರ್ಷದವನು, ಕೆರಿಬಿಯನ್ ಕಡೆಯ ಡೊಮಿನಿಕನ್ ದೇಶದವನು. ಹನ್ನೊಂದು ವರ್ಷ ವೃತ್ತಿಪರ ತಂಡಗಳಲ್ಲಿ ಪಿಚರ್ ಆಗಿದ್ದು ನಿವೃತ್ತನಾದವನು. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಓಡಿ ಬರುವಂತಿಲ್ಲ, ನಿಂತಲ್ಲಿಂದಲೇ ಎಸೆಯಬೇಕು. ಭುಜದ ಗತಿ ಏನಾಗಬೇಡ! ಅವನೀಗ ಮಕ್ಕಳ ಬೇಸ್‌ಬಾಲ್ ಅಕಾಡೆಮಿಯೊಂದರ ಹೆಡ್ ಕೋಚ್. ಆರು ತಿಂಗಳ ಪ್ರೊಬೇಶನ್ ಡಿಸೆಂಬರ್ ಕೊನೆಗೆ ಮುಗಿಯುವುದಿತ್ತು. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಆಗಷ್ಟೇ ಬಂದು ಅಬು ಹಮೂರ್ ಬಡಾವಣೆಯ ಮನೆಯಲ್ಲಿ ನೆಲೆಯೂರಿದ್ದರು. ಕೆಲಸ ಖಾಯಂ ಆಗದಿದ್ದರೆ ನಾಲ್ವರೂ ಗಂಟುಮೂಟೆ ಕಟ್ಟಬೇಕು.

ಗೋನಿಯೋಮೀಟರ್, ಅಂದರೆ ಕೀಲು ಎಷ್ಟು ತಿರುಗುತ್ತದೆಂದು ಅಳೆಯುವ ಸಾಧನ, ಹಿಡಿದು ಅಳೆದೆ. ಬಲಭುಜ ಹೊರಕ್ಕೆ 118 ಡಿಗ್ರಿ, ಒಳಕ್ಕೆ 28. ಎಡಭುಜ ಹೊರಕ್ಕೆ 92, ಒಳಕ್ಕೆ 61. ಎಸೆಯುವ ಕೈ ಹೊರಕ್ಕೆ ಹೆಚ್ಚು, ಒಳಕ್ಕೆ ಕಡಿಮೆ ತಿರುಗುವುದು ಪಿಚರ್‌ಗಳಲ್ಲಿ ಸಹಜ. ಹೊರಗಿನದು, ಒಳಗಿನದು ಎರಡನ್ನೂ ಕೂಡಿಸಿದರೆ ಮಾತ್ರ ಎಡ ಬಲ ಹೆಚ್ಚುಕಮ್ಮಿ ಸಮ ಬರಬೇಕು. ಇವನ ಬಲಭುಜದಲ್ಲಿ ಏಳು ಡಿಗ್ರಿ ಕೊರತೆ. ಏನೋ ಮುಚ್ಚಿಡುತ್ತಿದ್ದಾನೆ ಅನಿಸಿ ನೇರವಾಗಿ ಕೇಳಿದೆ.

ಅವನು ಬಾಗಿಲು ಹಾಕಿದೆಯೇ ಎಂದು ನೋಡಿ, "ಬರೆಯಬೇಡ. ಬರೀ ಕೇಳಿಸಿಕೊ" ಅಂದ.

ಕೊನೆಯ ಎರಡು ವರ್ಷ ಅವನು ಆಡಿದ್ದು ಇಂಜೆಕ್ಷನ್ ಮೇಲೆ. ಭುಜದ ಗುಳಿಯ ಸುತ್ತಲಿನ ಲೇಬ್ರಮ್ ಎಂಬ ಮೃದ್ವಸ್ಥಿಯ ಅಂಚು ಆಗಲೇ ಹರಿದಿತ್ತು, ಆಪರೇಶನ್ ಮಾಡಿಸಿಕೊಂಡಿರಲಿಲ್ಲ. ಅಕಾಡೆಮಿಗೆ ಸೇರುವಾಗ ಫಾರ್ಮಿನಲ್ಲಿ 'ಹಳೆಯ ಗಾಯ ಇಲ್ಲ' ಎಂದು ತುಂಬಿದ್ದ. ಈಗ ಮೂವತ್ತು ಚೆಂಡು ಎಸೆದರೆ ಕೈ ಮರಗಟ್ಟುತ್ತದೆ. ಮಕ್ಕಳ ಬ್ಯಾಟಿಂಗ್ ಅಭ್ಯಾಸಕ್ಕೆ ಕೋಚ್ ದಿನಕ್ಕೆ ನೂರಾದರೂ ಎಸೆಯಬೇಕು.

"ಎಂಟು ವಾರ ಕೊಡು, ಕೈ ಸರಿಯಾಗುವವರೆಗೆ ಯಾರಿಗೂ ಹೇಳಬೇಡ," ಅಂದ. ನಾನು ಒಪ್ಪಿದೆ.

ಚಿಕಿತ್ಸೆ ಏರ್ಪಡಿಸಿದ್ದು ಅಕಾಡೆಮಿಯೇ ಆದ್ದರಿಂದ ಕ್ಲಿನಿಕ್ಕಿನ ಫೈಲ್ ಅವರಿಗೂ ಹೋಗುತ್ತಿತ್ತು. ಅದರಲ್ಲಿ ಅಳತೆ ಮತ್ತು ವ್ಯಾಯಾಮ ಮಾತ್ರ ಬರೆದೆ. ಅವನು ಹೇಳಿದ್ದನ್ನೆಲ್ಲ ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ, ಕನ್ನಡದಲ್ಲಿ ಬರೆದಿಟ್ಟೆ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವನು ನಾನು. ಅವಸರದ ಟಿಪ್ಪಣಿ ಇವತ್ತಿಗೂ ಕನ್ನಡದಲ್ಲೇ. ಕ್ಲಿನಿಕ್ಕಿನಲ್ಲಿ ಮಲಯಾಳಿಗಳು, ಫಿಲಿಪಿನೋಗಳು, ಈಜಿಪ್ಟಿನವರು. ಯಾರಿಗೆ ಅರ್ಥವಾಗಬೇಕು? ನನ್ನ ಮಗಳಿಗೇ ಓದಲು ಬರುವುದಿಲ್ಲ. ಬೀಗ ಹಾಕಿ ಇಟ್ಟಷ್ಟೇ ಭದ್ರ ಅಂದುಕೊಂಡಿದ್ದೆ.

ಓದಬಲ್ಲವನು ಒಬ್ಬನಿದ್ದ: ನಮ್ಮಲ್ಲೇ ಇನ್ಶೂರೆನ್ಸ್ ವಿಭಾಗ ನೋಡುತ್ತಿದ್ದ ಕಾಪುವಿನ ಪ್ರಕಾಶ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಅವನನ್ನು ನಜ್ಮಾ ಬಡಾವಣೆಯಲ್ಲಿ ನನ್ನ ಕಾರಿಗೆ ಹತ್ತಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಅವನನ್ನು ನಾನು ಹೊರಗಿನವನೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆರನೇ ವಾರಕ್ಕೆ ಕೊರತೆ ಮೂರು ಡಿಗ್ರಿಗೆ ಇಳಿದು, ರಾಮೋನ್ ನೋವಿಲ್ಲದೆ ಎಪ್ಪತ್ತು ಚೆಂಡು ಎಸೆಯುವಂತಾದ. ನನಗೂ ಹುಮ್ಮಸ್ಸು ಬಂತು. ಅಷ್ಟರಲ್ಲಿ ಅಕ್ಕನಿಗೆ ಆಪರೇಶನ್ ಎಂದು ನಾಲ್ಕು ದಿನ ಮಂಗಳೂರಿಗೆ ಓಡಬೇಕಾಯಿತು. ನನ್ನ ಬದಲಿಗೆ ಬಂದ ಥೆರಪಿಸ್ಟ್, ಇವನಿಗೆ ಎಷ್ಟು ಚೆಂಡಿನ ಮಿತಿ ಎಂದು ಫೋನಿನಲ್ಲಿ ಕೇಳಿದಳು. ಲೆಕ್ಕ ಸರಿಯಾಗಿ ನೆನಪಿರಲಿಲ್ಲ, ಬರೆದಿಟ್ಟದ್ದು ಕ್ಲಿನಿಕ್ಕಿನಲ್ಲೇ ಉಳಿದಿತ್ತು. ನಾನು ಪ್ರಕಾಶನಿಗೆ ಕರೆ ಮಾಡಿದೆ.

"ಡ್ರಾಯರ್‌ನಲ್ಲಿ ನನ್ನ ನೋಟ್‌ಬುಕ್ ಉಂಟು. ರಾಮೋನ್‌ನ ಪುಟದಲ್ಲಿ ಕೊನೇ ನಾಲ್ಕು ಸಾಲು ಓದಿ ಅವಳಿಗೆ ಹೇಳು ಮಾರಾಯ."

"ಅಷ್ಟೇ ಅಲ್ವಾ? ಯಲ್ಲಾ, ಆಯ್ತು, ನೀನು ಅಕ್ಕನನ್ನು ನೋಡಿಕೊ."

ನಾನು ತಿರುಗಿ ಬರುವಷ್ಟರಲ್ಲಿ ರಾಮೋನ್‌ನನ್ನು ಕೆಲಸದಿಂದ ತೆಗೆದಿದ್ದರು. ಕಾರಣ, ಸೇರುವಾಗ ಸುಳ್ಳು ಮಾಹಿತಿ ಕೊಟ್ಟದ್ದು. ಅಕಾಡೆಮಿಯ ಪತ್ರದ ಪ್ರತಿ ನನ್ನ ಮೇಜಿನ ಮೇಲಿತ್ತು. ಎರಡು ವರ್ಷದ ಇಂಜೆಕ್ಷನ್, ಮಾಡಿಸಿಕೊಳ್ಳದ ಆಪರೇಶನ್, ಮೂವತ್ತು ಚೆಂಡು: ನನ್ನ ಸಾಲುಗಳೇ, ನಾನು ಬರೆದ ಕ್ರಮದಲ್ಲೇ, ಇಂಗ್ಲಿಷಿನಲ್ಲಿ. 

ಮರುದಿನ ಕಾರಿನಲ್ಲಿ ಪ್ರಕಾಶನನ್ನು ಕೇಳಿದೆ. ಅವನು ಅಲ್ಲಗಳೆಯಲಿಲ್ಲ.

"ಕೋಚಿನ ಕೈ ಹೇಗುಂಟು ಅಂತ ಅಕಾಡೆಮಿಯವರೇ ಕೇಳಿದ್ದು. ನಾನೇನು ಸುಳ್ಳು ಹೇಳಿದೆನಾ? ನೀನು ಬರೆದದ್ದನ್ನೇ ಓದಿದ್ದು."

"ನಿನಗೆ ಅದರಿಂದ ಎಂತ ಸಿಕ್ಕಿತು?"

"ಅಲ್ಲಿ ಆಫೀಸಲ್ಲಿ ಒಂದು ಪೋಸ್ಟ್ ಖಾಲಿ ಉಂಟು. ಇಲ್ಲಿ ನನ್ನ ಕೆಲಸ ಫೆಬ್ರವರಿಗೆ ಖಲಾಸ್. ನೀನು ಒಂದು ದಿನ ಕೇಳಿದ್ದುಂಟಾ?"

ಕೇಳಿರಲಿಲ್ಲ. ಆದರೂ ಸಿಟ್ಟು ಬಂತು. ಅನ್ಯರು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. "ಇಳಿ" ಅಂದೆ. ಮುಂದಿನ ಸಿಗ್ನಲ್ಲಿನಲ್ಲಿ ಅವನು ಇಳಿದು ಹೋದ. ಆ ಬಳಿಕ ನಾವು ಮಾತಾಡಿಲ್ಲ.

ಆ ವಾರವಿಡೀ ನನ್ನಷ್ಟು ಮೋಸಹೋದವನು ಇನ್ನೊಬ್ಬನಿಲ್ಲ ಎಂಬಂತೆ ಓಡಾಡಿದೆ. ವಾರದ ಕೊನೆಗೆ ರಾಮೋನ್ ತನ್ನ ಸ್ಕ್ಯಾನ್ ಫಿಲ್ಮುಗಳನ್ನು ತೆಗೆದುಕೊಂಡು ಹೋಗಲು ಬಂದ. ಮಕ್ಕಳನ್ನು ಶಾಲೆ ಬಿಡಿಸಿ ಆಗಿತ್ತು. ಪ್ರಕಾಶನ ಹೆಸರು ನನ್ನ ನಾಲಗೆಯ ತುದಿಯಲ್ಲೇ ಇತ್ತು.

"ಫೈಲಿನಲ್ಲಿ ನಾನು ಒಂದಕ್ಷರವೂ ಬರೆದಿರಲಿಲ್ಲ," ಎಂದು ಶುರು ಮಾಡಿದೆ.

"ಬೇರೆ ಎಲ್ಲಾದರೂ ಬರೆದಿದ್ದೆಯಾ?"

"ನನ್ನ ಪುಸ್ತಕದಲ್ಲಿ. ನನ್ನ ಭಾಷೆಯಲ್ಲಿ."

"ಬರೆಯಬೇಡ ಅಂದಿದ್ದೆ," ಅಂದ.

ಓದಿದವರು ಯಾರು ಎಂದು ಕೇಳಲಿಲ್ಲ. ನಾನು ಕಾದೆ, ಕೇಳಲೇ ಇಲ್ಲ. ಅವನ ಪಾಲಿಗೆ ಕೈಕೊಟ್ಟವನು ಒಬ್ಬನೇ, ಅದು ನಾನು. ಲಕೋಟೆಯನ್ನು ಎಡಗೈಯಲ್ಲಿ ಹಿಡಿದು ಹೊರಟುಹೋದ.

ಗುಟ್ಟನ್ನು ಕಾಯುವುದೆಂದರೆ ಅದನ್ನು ಅಡಗಿಸಲು ಒಳ್ಳೆಯ ಜಾಗ ಹುಡುಕುವುದಲ್ಲ ಎಂದು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ. ಈಗ ರೋಗಿ ದನಿ ತಗ್ಗಿಸಿದ ಕೂಡಲೇ ಪೆನ್ನು ಕೆಳಗಿಟ್ಟು ಹೇಳುತ್ತೇನೆ: "ನೀವು ಹೇಳಿದ್ದೆಲ್ಲ ಫೈಲಿಗೆ ಹೋಗುತ್ತದೆ. ಯೋಚಿಸಿ ಹೇಳಿ." ನಿಯಮದ ಪ್ರಕಾರ ಇದೇ ಸರಿ. ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಾರೆ. ಅವರ ನೋವಿನ ಬುಡ ನನಗೆ ಸಿಗುವುದಿಲ್ಲ. ಕಳೆದ ತಿಂಗಳು ಒಬ್ಬರು ಏನೋ ಹೇಳಲು ಬಾಯಿ ತೆರೆದು, ನನ್ನ ಮಾತು ಕೇಳಿ, ಅಂಗಿಯ ಗುಂಡಿ ಹಾಕಿಕೊಂಡು ಎದ್ದುಹೋದರು. ನಾನು ಅವರನ್ನು ತಡೆಯಲಿಲ್ಲ.