ಕಾಲುವೆಯ ಬಣ್ಣಪಟ್ಟಿ

ಇಪ್ಪತ್ತಾರು ವರ್ಷ ಅಂಗಡಿಗಳ ಬೋರ್ಡು ಬರೆದು ಪಳಗಿದ ಕೈ ಅವಳದು. ಬೀದಿಯವರಿಗೆಲ್ಲ ಅವಳು ಬಣ್ಣದಕ್ಕ. ಯಾರಾದರೂ ಹಳೆಯ ಬೋರ್ಡಿನ ಚೂರು ತಂದು ಇದೇ ಹಸಿರು ಬೇಕು ಎಂದರೆ, ನಾಲ್ಕು ಡಬ್ಬಿಗಳಿಂದ ಚೂರುಚೂರು ತೆಗೆದು ಕಲಸಿ, ಆ ಚೂರಿನ ಮೇಲೇ ಹಚ್ಚಿ ಕೊಡುವಳು. ಹಚ್ಚಿದ್ದು ಎಲ್ಲಿ ಎಂದು ಗಿರಾಕಿಯೇ ಹುಡುಕಬೇಕಿತ್ತು.

ಅವಳ ನಾದಿನಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಪರಿಸರದ ಬಗ್ಗೆ ಒಂದು ಬ್ಲಾಗ್ ನಡೆಸುತ್ತಿದ್ದಳು. ಮಾರುದ್ದದ ಲೇಖನ, ಕೆಳಗೆ ಗೇಣುದ್ದದ ಅಡಿಟಿಪ್ಪಣಿ. ಓದುಗರು ಒಂಬತ್ತು ಜನ. ಅದರಲ್ಲಿ ನಾಲ್ವರು ಮನೆಯವರೇ, ಅವರೂ ಓದಿದ್ದೇವೆ ಎಂದು ಬಾಯಲ್ಲಿ ಹೇಳುತ್ತಿದ್ದರು ಅಷ್ಟೇ.

ಒಂದು ಬೆಳಿಗ್ಗೆ ಆಕೆ ಅತ್ತಿಗೆಯ ಬೋರ್ಡಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಮುಖ ಸಪ್ಪೆ ಮಾಡಿಕೊಂಡು ಕೂತಳು. ಹಿಂಬಾಗಿಲಿನಾಚೆ ಹರಿಯುವ ಕಾಲುವೆ ಕೆಡುತ್ತಿರುವುದನ್ನು ನಾಲ್ಕು ಪುಟ ಬರೆದಿದ್ದಳು, ಒಬ್ಬರೂ ಕಣ್ಣೆತ್ತಿ ನೋಡಿರಲಿಲ್ಲ. ಬಣ್ಣದಕ್ಕ ಕುಂಚ ಕೆಳಗಿಟ್ಟು ಹಿಂಬಾಗಿಲು ತೆರೆದಳು. ನೀರು ಅವತ್ತು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ನೇರಳೆ ಅಂತ ಬರೆದ್ರೆ ಯಾವ ನೇರಳೆ ಅಂತ ಯಾರಿಗೆ ಗೊತ್ತಾಗತ್ತೆ? ತಾಳು," ಎಂದಳು.

ಬಿಳಿ ಬಳಿದ ಉದ್ದದ ಹಲಗೆಯೊಂದರ ತುದಿಯಲ್ಲಿ ಅಂಗೈಯಗಲದ ಚೌಕ ಬಳಿದು ನೀರಿನ ಪಕ್ಕ ಹಿಡಿದಳು. ಎರಡರ ನಡುವೆ ಗೆರೆಯೇ ಕಾಣಲಿಲ್ಲ. ನಾದಿನಿ ಓಡಿ ಹೋಗಿ ಮೊಬೈಲ್ ತಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಒಂದು ಚೌಕ, ಕೆಳಗೆ ತಾರೀಖು, ಅದರ ಫೋಟೋ ಬ್ಲಾಗಿಗೆ. ಕತೆಯೆಂದರೆ ಅದರಲ್ಲಿ ಯಾರಾದರೂ ಇರಬೇಕಲ್ಲ ಎಂದು ಬಣ್ಣದಕ್ಕ ಪ್ರತಿ ಚೌಕದ ಮೇಲೂ ಒಂದೇ ಗೆರೆಯಲ್ಲಿ ಒಂದು ಬೆಳ್ಳಕ್ಕಿ ಬರೆದಳು. ಒಂದು ದಿನ ಅದು ಕಾಲೆತ್ತಿ ನಿಂತಿತ್ತು, ಒಂದು ದಿನ ಬೆನ್ನು ತಿರುಗಿಸಿತ್ತು, ನೀರು ಕಡುನೇರಳೆಯಾದ ದಿನ ಜಾಗವೇ ಖಾಲಿ. ಹಕ್ಕಿ ಎಲ್ಲಿ ಹೋಯಿತು ಎಂದು ಕಂಡರಿಯದ ಜನ ಬ್ಲಾಗಿನಲ್ಲಿ ಕೇಳತೊಡಗಿದರು. ಒಂಬತ್ತು ಜನ ಒಂಬೈನೂರಾದರು, ಆಮೇಲೆ ಲೆಕ್ಕ ತಪ್ಪಿತು. ಮೂರನೇ ವಾರಕ್ಕೆ ಹಲಗೆ ತಾನಾಗಿ ಬಾಯಿಬಿಟ್ಟಿತು: ಕಡುನೇರಳೆ ಬರುತ್ತಿದ್ದುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ.

ಕಾಲುವೆಯ ಮೇಲ್ಗಡೆ ಇದ್ದದ್ದು ಬಟ್ಟೆಗೆ ಬಣ್ಣ ಹಾಕುವ ಒಂದೇ ಒಂದು ಫ್ಯಾಕ್ಟರಿ. ಅದರ ಮ್ಯಾನೇಜರು ಬ್ಲಾಗಿನಲ್ಲೇ ಉತ್ತರ ಕೊಟ್ಟ: ಕಾಲುವೆಗೆ ಬಣ್ಣ ಬಿಡುತ್ತಿರುವವಳು ಬೋರ್ಡು ಬರೆಯುವ ಆ ಹೆಂಗಸೇ.

ನಾದಿನಿ ಕಿಡಿಕಿಡಿಯಾದಳು. ಬಣ್ಣದಕ್ಕ ಹಿಂಬಾಗಿಲಿನ ಮೆಟ್ಟಿಲ ಕಡೆ ಕೈ ತೋರಿದಳು. ಮೆಲ್ಲಗೆ, "ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ ಕಣೇ. ಇಷ್ಟು ವರ್ಷ ಕುಂಚ ತೊಳೆದಿದ್ದು ಇದೇ ಮೆಟ್ಟಿಲ ಮೇಲೆ," ಎಂದಳು.

"ಈಗ ಅದನ್ನ ಹೇಳಿದ್ರೆ ನಮ್ಮ ಕತೆ ಮುಗೀತು ಅತ್ತಿಗೆ."

"ಹೇಳದೆ ಇದ್ರೇನೇ ಮುಗಿಯೋದು."

ಮರುದಿನ ಬ್ಲಾಗಿನಲ್ಲಿ ಅವಳೇ ಬರೆದ ಮೂರು ಚಿತ್ರ ಬಂದವು. ಮೊದಲನೆಯದರಲ್ಲಿ ಬಣ್ಣದಕ್ಕ ಕುಕ್ಕರುಗಾಲಲ್ಲಿ ಕೂತು ಕಾಲುವೆಯಲ್ಲಿ ಕುಂಚ ತೊಳೆಯುತ್ತಿದ್ದಳು. ಎರಡನೆಯದರಲ್ಲಿ ತೊಳೆದ ನೀರು ಮುಚ್ಚಳವಿರುವ ಡಬ್ಬಿಗೆ ಸೇರಿತ್ತು. ಮೂರನೆಯದರಲ್ಲಿ ಅವಳ ಬಾಗಿಲಿಗೆ ಬೀಗ. ಬೀಗದ ಕೈ ಎದುರಿನ ಕ್ಷೌರದವನ ಹತ್ತಿರ ವಾರವಿಡೀ ಇರುತ್ತದೆ, ಇಲ್ಲಿಂದ ಒಂದು ಹನಿ ಬಣ್ಣವೂ ಕಾಲುವೆಗೆ ಬೀಳುವುದಿಲ್ಲ, ಶುಕ್ರವಾರ ಒಂಬತ್ತಕ್ಕೆ ಬಂದು ನೀರು ನೋಡಿ ಎಂದು ಕೆಳಗೆ ಬರೆದಿದ್ದಳು.

ಶುಕ್ರವಾರ ಕಾಲುವೆಯ ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಲಿನ್ಯ ತಪಾಸಣೆಯ ಅಧಿಕಾರಿಣಿಯೂ ಬಾಟಲಿಗಳ ಪೆಟ್ಟಿಗೆ ಹಿಡಿದು ಬಂದಿದ್ದರು. ಒಂಬತ್ತಾಯಿತು, ಒಂಬತ್ತೂಕಾಲಾಯಿತು, ನೀರು ಬೂದುಬೂದಾಗಿಯೇ ಇತ್ತು. ಫ್ಯಾಕ್ಟರಿಯವರು ಬ್ಲಾಗ್ ನೋಡಿ ಇವತ್ತು ಬಣ್ಣ ಬಿಡುವುದಿಲ್ಲವೇನೋ ಎಂದು ಬಣ್ಣದಕ್ಕ ಅಂದುಕೊಳ್ಳುವಷ್ಟರಲ್ಲಿ ತಿರುವಿನಿಂದ ನೇರಳೆಯ ನಾಲಿಗೆಯೊಂದು ಚಾಚಿಕೊಂಡು ಬಂತು. ವಾರಕ್ಕೆ ಎರಡು ಸಲ ತೊಟ್ಟಿ ಖಾಲಿ ಮಾಡದಿದ್ದರೆ ಫ್ಯಾಕ್ಟರಿಯ ಕೆಲಸವೇ ನಿಲ್ಲುತ್ತಿತ್ತು. ದಡದುದ್ದಕ್ಕೂ ಗುಜುಗುಜು ಎದ್ದಿತು. ಅವಳು ನೆಲದಲ್ಲೇ ಕೂತು ಚೀಲದ ಡಬ್ಬಿಗಳನ್ನು ತೆರೆದಳು. ಬಣ್ಣ ಕಲಸಿ ಹಲಗೆಯ ಮೇಲೆ ಹೊಸ ಚೌಕ ಬಳಿದಳು. ಅಧಿಕಾರಿಣಿ ನೀರು ತುಂಬಿದ ಬಾಟಲಿಯನ್ನು ಹೊಸ ಚೌಕಕ್ಕೆ ಒತ್ತಿ ಹಿಡಿದು, ಆಮೇಲೆ ಹಿಂದಿನ ಶುಕ್ರವಾರದ ಚೌಕಕ್ಕೂ ಹಿಡಿದು ನೋಡಿದರು.

"ಈ ಹಲಗೆ ನಮಗೆ ಬೇಕಲ್ಲಮ್ಮ," ಎಂದರು.

ಹಿಂಬದಿಯಿಂದ ಮೂರಡಿ ಹೊರಚಾಚಿಕೊಂಡು ಹಲಗೆ ಜೀಪಿನಲ್ಲಿ ಹೊರಟಿತು. ನೀರಿನ ಪರೀಕ್ಷೆಯ ವರದಿ ಬಂದ ಮೇಲೆ ಫ್ಯಾಕ್ಟರಿಯ ಕೊಳವೆಗೆ ಸೀಲು ಬಿತ್ತು. ನೀರು ಶುದ್ಧಿ ಮಾಡುವ ಘಟಕ ಕಟ್ಟುವ ತನಕ ಬಣ್ಣದ ತೊಟ್ಟಿಗಳನ್ನು ಮುಟ್ಟುವಂತಿಲ್ಲ ಎಂದಾಯಿತು.

ಈಗ ಸೋಮವಾರ ಬೋರ್ಡಿನ ಕೆಲಸಕ್ಕೆ ರಜೆ. ಬೇರೆ ಊರುಗಳಿಂದ ಬ್ಲಾಗಿಗೆ ಪತ್ರ ಬರೆದವರು, ನಮ್ಮ ಕೆರೆಗೂ ಒಂದು ಹಲಗೆ ಬೇಕು, ಬಣ್ಣ ಕಲಸುವುದು ಹೇಳಿಕೊಡಿ ಎಂದು ದುಂಬಾಲು ಬಿದ್ದಿದ್ದಾರೆ. ಮೊದಲ ಊರಿಗೆ ಹೊರಟ ದಿನ ಬಸ್ಸಿನಲ್ಲಿ ಅತ್ತಿಗೆ ನಾದಿನಿಯರ ತೊಡೆಯ ಮೇಲೆ ಡಬ್ಬಿಗಳ ಚೀಲ, ಕಾಲ ಬಳಿ ಬಿಳಿ ಹಲಗೆ. ಕೆರೆ ಇನ್ನೂ ಎರಡು ನಿಲ್ದಾಣ ದೂರವಿರುವಾಗಲೇ ಬಣ್ಣದಕ್ಕ ಎದ್ದು ಬಾಗಿಲ ಹತ್ತಿರ ನಿಂತುಬಿಟ್ಟಿದ್ದಳು.