ಮುತ್ತಮ್ಮನ ಬದುವಿನ ಬೂಷ್ಟು

ಸಮೇತನಹಳ್ಳಿಯ ಮುತ್ತಮ್ಮ ಮಗಳು ಮಮತಳನ್ನು ಓದಿಸಿದ್ದು ಹೊಲದ ಬದುವಿನ ಹುಲ್ಲು ತಿಂದ ಹಸುಗಳ ಹಾಲಿನಿಂದ. ಹಾಗಾಗಿ ಟ್ರ್ಯಾಕ್ಟರ್ ಸಲೀಸಾಗಿ ತಿರುಗಲೆಂದು ಅಕ್ಕಪಕ್ಕದವರು ತಂತಮ್ಮ ಬದು ಸಮ ಮಾಡಿದರೂ ಅವಳು ತನ್ನದನ್ನು ಮುಟ್ಟಗೊಡಲಿಲ್ಲ.

ಈ ಮಳೆಗಾಲದ ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ಹೋದವಳು ನಿಂತುಬಿಟ್ಟಳು. ಹುಲ್ಲಿನ ಎಸಳುಗಳಿಗೆ ಸತ್ತ ಮಿಡತೆಗಳು ಅಂಟಿಕೊಂಡಿದ್ದವು. ಯಾರೋ ವಿಷ ಹೊಡೆದಿರಬೇಕು. ಮನೆಯಲ್ಲಿರುವುದು ತುಂಬುಗಬ್ಬದ ಹಸು, ನಿನ್ನೆಯೂ ಇದೇ ಹುಲ್ಲು ತಿಂದಿದೆ.

ಪಕ್ಕದ ಹೊಲದಲ್ಲಿ ಚಿಕ್ಕಬೀರಪ್ಪ ತನ್ನ ರಾಗಿ ಪೈರು ನೋಡುತ್ತಿದ್ದ.

"ಏನ್ ಬೀರಪ್ಪ, ಔಷ್ದಿ ಹೊಡ್ಯೋನು ಒಂದ್ ಮಾತು ಹೇಳ್ಬಾರ್ದಾ? ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?"

"ನಾನ್ ಹೊಡ್ದಿದ್ರೆ ನನ್ ರಾಗಿ ಯಾಕಕ್ಕ ಹಿಂಗ್ ಜರಡಿ ಆಗ್ತಿತ್ತು? ನಿನ್ ಮಿಡ್ತೆ ಸಾಯ್ತವೆ, ನನ್ನವು ಮದ್ವೆ ಊಟ ಹೊಡೀತವೆ."

ಅವನ ಪೈರಿನ ಗರಿಗಳು ನಿಜಕ್ಕೂ ತೂತುತೂತಾಗಿದ್ದವು. ಮುತ್ತಮ್ಮ ಒಂದು ಹಿಡಿ ಹುಲ್ಲನ್ನು ಮಿಡತೆ ಸಮೇತ ಬಟ್ಟೆಯಲ್ಲಿ ಕಟ್ಟಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬಸ್ಸು ಹತ್ತಿದಳು.

ಅಲ್ಲಿನ ಅಧಿಕಾರಿ ಶಾಮಲಾ ಒಂದು ಮಿಡತೆಯನ್ನು ಬೆಳಕಿಗೆ ಹಿಡಿದರು. ಅದರ ಮೈಮೇಲೆ ಹಸಿರು ಬೂಷ್ಟು ಕಟ್ಟಿತ್ತು.

"ಇದು ವಿಷ ಅಲ್ಲಮ್ಮ, ಈ ಬೂಷ್ಟಿನಿಂದ ಮಿಡತೆಗೆ ಬರೋ ಕಾಯಿಲೆ. ಯಾವತ್ತಾದ್ರೂ ಹೊಲಕ್ಕೆ ಹುಳ ಸಾಯ್ಸೋ ಬೂಷ್ಟಿನ ಪುಡಿ ಹಾಕಿದ್ರಾ?"

ಮುತ್ತಮ್ಮನಿಗೆ ನೆನಪಾಯಿತು. ಈಗ ಮಗುವಿನ ತಾಯಿಯಾಗಿರುವ ಮಮತ ಆಗ ಹೈಸ್ಕೂಲಿನಲ್ಲಿದ್ದಳು. ಕೃಷಿ ಪ್ರಯೋಗಕ್ಕೆಂದು ಊರಿಗೆ ಬಂದ ಇಬ್ಬರು ಅಂಥದೇ ಪುಡಿಯೊಂದನ್ನು ಕೊಟ್ಟು, ಗೊಬ್ಬರದಲ್ಲಿ ಕಲಸಿ ಹೊಲಕ್ಕೆಲ್ಲ ಎರಚಲು ಹೇಳಿದ್ದರು. ಪೂಜೆ ಮಾಡಿ ಬಿತ್ತುವ ನೆಲಕ್ಕೆ ಬೂಷ್ಟು ಹಾಕಲು ಮನಸ್ಸು ಬಾರದೆ ಅವಳು ಅಷ್ಟನ್ನೂ ಬದುವಿಗೆ ಸುರಿದಿದ್ದಳು.

ಅಳುಕುತ್ತಲೇ ಹೇಳಿದಾಗ ಶಾಮಲಾ ನಕ್ಕುಬಿಟ್ಟರು. "ಮಿಡತೆ ಮೊಟ್ಟೆ ಇಡೋದೇ ಬದುವಿನಲ್ಲಿ. ಒಳ್ಳೆ ಜಾಗಕ್ಕೇ ಸುರಿದಿದ್ದೀರಿ. ಉಳುಮೆ ಇಲ್ಲದ, ತೇವದ ಮಣ್ಣಲ್ಲಿ ಆ ಬೂಷ್ಟು ವರ್ಷಗಟ್ಟಲೆ ಉಳ್ಕೊಳ್ಳುತ್ತೆ. ಸತ್ತ ಮಿಡತೆಯಿಂದ ಮತ್ತೆ ಮಣ್ಣಿಗೆ ಸೇರುತ್ತೆ. ಇದು ಅದೇನಾ ಅಂತ ಲ್ಯಾಬಿಗೆ ಕಳಿಸಿ ನೋಡ್ತೀನಿ. ಪ್ರತಿ ವರ್ಷ ಹಿಂಗೇ ಆಗುತ್ತೆ ಅಂತ ನಂಬ್ಕೋಬೇಡಿ, ಮಳೆ ಚೆನ್ನಾಗಿರ್ಬೇಕು."

"ಅದೆಲ್ಲ ಇರ್ಲಿ ಮೇಡಂ, ನಮ್ ಹಸೂಗೆ?"

"ಏನೂ ಆಗಲ್ಲ. ಧೈರ್ಯವಾಗಿ ಹಾಕಿ."

ಊರಿಗೆ ಬಂದು ಸುದ್ದಿ ಹೇಳುತ್ತಲೇ ಚಿಕ್ಕಬೀರಪ್ಪ ಕೇಳಿದ: "ಅಕ್ಕ, ನಂಗೂ ಒಂದ್ ಮಂಕ್ರಿ ಮಣ್ಣು ಕೊಡ್ತೀಯಾ?"

"ತಗೊಂಡೋಗು. ಹಾಕಕ್ಕೆ ನಿನ್ ಹೊಲ್ದಲ್ಲಿ ಬದು ಎಲ್ಲೈತೆ?"

"ಕಟ್ತೀನಿ ಕಣಕ್ಕ," ಎಂದು ಅವನು ತಲೆ ಕೆರೆದುಕೊಂಡ. ಬೆಳಿಗ್ಗೆ ಅಂದದ್ದಕ್ಕೆ ಮನಸ್ಸು ಚುಚ್ಚುತ್ತಿದ್ದುದರಿಂದ ಮುತ್ತಮ್ಮ ತಾನೇ ಅಗೆದು ಎರಡು ಮಂಕರಿ ತುಂಬಿಸಿದಳು.

ಆಮೇಲೆ ಹುಲ್ಲು ಕೊಯ್ದು ತಂದು ಹಸುವಿನ ಮುಂದೆ ಹರಡಿದಳು. ಅದು ಮುಖ ಹುದುಗಿಸಿ ತಿನ್ನತೊಡಗಿತು. ಪುಡಿ ಕೊಟ್ಟುಹೋದವರ ಹೆಸರೂ ಅವಳಿಗೆ ಗೊತ್ತಿಲ್ಲ. ಅವತ್ತು ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಿರಲಿಲ್ಲ.

"ಎಲ್ಲಿದ್ರೂ ನಿಮ್ ಹೊಟ್ಟೆ ತಣ್ಣಗಿರ್ಲಪ್ಪ," ಎಂದು ಹಸುವಿನ ಬೆನ್ನು ಸವರಿದಳು.